ಹಸುರು ಮರದ ಹಣ್ಣೆಲೆ

ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ನಾನು ಕಾಲೇಜಿನಿಂದ ನಿವೃತ್ತನಾದ ದಿನ ನಡೆದ ಬೀಳ್ಕೊಡುಗೆಯ ಸಭೆಯಲ್ಲಿ ನನ್ನ ಕಿರಿಯ ಮಿತ್ರರೊಬ್ಬರು ಇದೇ ಗಾದೆಯನ್ನು ಎತ್ತಿಕೊಂಡು, "ನಾವು ನಗುವ ಚಿಗುರಲ್ಲ ಸರ್" ಎಂದು ವಿನಯದಿಂದ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ನಕ್ಕೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಆ ಗಾದೆಯ ಪೂರ್ಣಾರ್ಥ ಅಂದು ತಿಳಿದಿರಲಿಲ್ಲವೆಂಬುದು ಮರುವರ್ಷ ಹಿಮಾಲಯದ ಒಂದು ಇಳಿಜಾರಿನಲ್ಲಿ ಕಾಲು ಜಾರಿ ಬಿದ್ದಾಗ ಗೊತ್ತಾಯಿತು. ಆ ಬೀಳುವಿಕೆಗೆ ಕಾರಣವಾದ ಎಲೆಗಳ ವಿಷಯವನ್ನು ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಪೈನ್, ದೇವದಾರು, ಫರ್, ಸ್ಪ್ರೂಸ್ ಮುಂತಾದ ಮರಗಳನ್ನು ಸೂಚಿಪರ್ಣಿಗಳೆಂದು ಕರೆಯುತ್ತೇವೆ. ಅವುಗಳ ಎಲೆ ಸೂಜಿಯ ಆಕಾರದ್ದು. ಅವು ವರ್ಷವಿಡೀ ಹಸುರಾಗಿಯೇ ಕಾಣುವುದರಿಂದ ಆ ಮರಗಳಿಗೆ ಎಲೆಯುದುರುವ ಕಾಲವೆಂಬುದೇ ಇಲ್ಲವೆಂದು ನಮ್ಮಲ್ಲಿ ಬಹುಮಂದಿ ಭಾವಿಸಿದ್ದಾರೆ. ನಾನೂ ಹಾಗೆಯೇ ಭಾವಿಸಿದ್ದೆ. ನಿತ್ಯಹರಿದ್ವರ್ಣವೆಂಬ ನಮ್ಮ ಪಾರಿಭಾಷಿಕ ಪದವೇ ಈ ಭ್ರಮೆಯನ್ನು ಪೋಷಿಸುತ್ತದೆ. ವಾಸ್ತವವಾಗಿ ನಿತ್ಯವಾದದ್ದು ಮರದ ಹಸುರೇ ಹೊರತು ಎಲೆಯ ಆಯುಸ್ಸಲ್ಲ. ನೂರು ವರ್ಷದಿಂದ ಊರು ಅದೇ ಇದೆ, ಊರಿನ ಜನ ಮಾತ್ರ ಬೇರೆಯವರು. ಮರದ ಸಂಗತಿಯೂ ಅಷ್ಟೆ. ಒಂದೊಂದು ಎಲೆಗೂ ಒಂದು ಆಯುರ್ಮಾನ ಉಂಟು. ಅದು ಮುಗಿದಾಗ ಎಲೆ ಉದುರಲೇಬೇಕು. ಎಲ್ಲ ಎಲೆಗಳೂ ಒಟ್ಟಿಗೆ ಉದುರುವುದಿಲ್ಲವೆಂಬುದಷ್ಟೇ ಇಲ್ಲಿರುವ ಗುಟ್ಟು. ಈ ನಿಯಮಕ್ಕೆ ಹಿಮಾಲಯದಲ್ಲಿ ಒಂದು ಅಪವಾದವಿದೆ. ಸಿಕ್ಕಿಂ, ಭೂತಾನ, ಪೂರ್ವ ನೇಪಾಳಗಳ ಎತ್ತರದಲ್ಲಿ ಬೆಳೆಯುವ ಲಾರ್ಚ್ ಮರ ಶರತ್ಕಾಲದಲ್ಲಿ ಹೊಂಬಣ್ಣಕ್ಕೆ ತಿರುಗಿ ತನ್ನ ಸೂಜಿಗಳನ್ನೆಲ್ಲ ಕಳಚಿ ಬೋಳಾಗಿ ನಿಲ್ಲುತ್ತದೆ.

ಅಳಿಯಂದಿರಿಗೆ ಉದ್ಯೋಗನಿಮಿತ್ತವಾಗಿ ಕುಮಾವೂಂ ಪ್ರಾಂತದ ರಾಣೀಖೇತದ ಕಡೆ ವಾಸ. 2016ರ ಏಪ್ರಿಲ್ ತಿಂಗಳ ಕೊನೆಯಲ್ಲಿ ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋದೆವು. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದ ಊರು. ಮನೆಯ ಹಿಂದೆಯೇ ಚೀಡ್ ಎಂದು ಅಲ್ಲಿನವರು ಕರೆಯುವ ಪೈನ್ ಮರಗಳ ಕಾಡು. ಈ ಮರಕ್ಕೇ ಸಂಸ್ಕೃತದಲ್ಲಿ ಸರಲವೆಂದು ಹೆಸರು. ನೆಟ್ಟಗೆ ನಿಂತ ಕಂಬಗಳ ಸಾಲಿನಂತಿರುವ ಆ ಕಾಡಿನಲ್ಲಿ ಪೊದೆಯಿಲ್ಲ, ಬಳ್ಳಿಯಿಲ್ಲ. ನೆಲವೆಲ್ಲ ಕಂದುಬಣ್ಣದ ಒಂದು ಹಾಸು. ಬೆಳಗ್ಗೆ ಬಿಸಿಲೇರುತ್ತಿದ್ದಂತೆ ಗಾಳಿ ಬೀಸುತ್ತದೆ. ಗಾಳಿಯೊಡನೆ ಸೂಜಿಗಳು ಉದುರತೊಡಗುತ್ತವೆ. ನಮ್ಮ ಆಲದೆಲೆ, ತೇಗದೆಲೆ ಬೀಳುವಾಗ ಆಗುವಂತೆ ಸದ್ದಾಗುವುದಿಲ್ಲ. ಸಣ್ಣ ತುಂತುರು ಹನಿದಂತೆ ಕಿವಿಗೆ ಕೇಳಿಯೂ ಕೇಳದಂತಹ ಒಂದು ಸರಸರ, ಅಷ್ಟೆ. ಮೊದಲ ದಿನವೇ ಧೈರ್ಯದಿಂದ ಆ ಹಾಸಿನ ಮೇಲೆ ಕಾಲಿಟ್ಟೆ. ಎಣ್ಣೆ ಸುರಿದ ಜಗಲಿಯ ಮೇಲೆ ಕಾಲಿಟ್ಟಂತಾಗಿ ಎಂಟು ಹತ್ತು ಅಡಿ ಕೆಳಗೆ ಜಾರಿ ಕುಳಿತೆ.

ಸಮೀಪದಲ್ಲೇ ಆ ಎಲೆಗಳನ್ನು ಗುಡಿಸಿ ರಾಶಿ ಹಾಕುತ್ತಿದ್ದ ಹೆಂಗಸೊಬ್ಬಳು ಓಡಿಬಂದು ಕೈಹಿಡಿದು ಎಬ್ಬಿಸಿದಳು. "ಪಿರೂಲ್ ಮೇಲೆ ಹಾಗೆಲ್ಲ ನಡೆಯಬಾರದು, ಬಾಬೂಜಿ, ಹಸುಗಳೇ ಬೀಳುತ್ತವೆ" ಎಂದಳು. ಉದುರಿದ ಪೈನ್ ಸೂಜಿಗೆ ಅಲ್ಲಿನ ಹೆಸರು ಪಿರೂಲ್. ಇಷ್ಟೊಂದನ್ನು ಒಯ್ದು ಏನು ಮಾಡುತ್ತೀ ತಾಯಿ ಎಂದು ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ. ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುವುದಕ್ಕೆ ಎಂದಳು. ಸಗಣಿ ಗಂಜಲದೊಡನೆ ಕೊಳೆತರೆ ಅದೇ ಹೊಲಕ್ಕೆ ಗೊಬ್ಬರ. ಆಮೇಲೆ ಹೊರೆಯನ್ನು ತಲೆಗೇರಿಸುತ್ತ ಅವಳು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು: "ಇದನ್ನು ನಾನು ಒಯ್ಯದಿದ್ದರೆ ಬೆಂಕಿ ಒಯ್ಯುತ್ತದೆ."

ನಾನು ಜಾರಿದ ಜಾಗದಿಂದ ಒಂದಿಷ್ಟು ಸೂಜಿಗಳನ್ನು ಹೆಕ್ಕಿತಂದು ಮೇಜಿನ ಮೇಲೆ ಹರಡಿಕೊಂಡೆ. ಒಂದೊಂದು ಕಟ್ಟಿನಲ್ಲಿಯೂ ಮೂರು ಸೂಜಿ. ಉದ್ದ ಒಂದು ಗೇಣು, ಕೆಲವು ಅದಕ್ಕಿಂತಲೂ ಹೆಚ್ಚು. ಮೇಣ ಸವರಿದಂತಹ ನುಣುಪು. ಚೀಡ್ ಮರದ ಸೂಜಿ ಒಂದು ವರ್ಷದಿಂದ ಮೂರು ವರ್ಷದವರೆಗೆ ಬಾಳುತ್ತದೆ. ವಸಂತದಲ್ಲಿ ಕೊಂಬೆಯ ತುದಿಗಳಲ್ಲಿ ಹೊಸ ಚಿಗುರು ಮೂಡುತ್ತದೆ. ಅದರ ಬೆನ್ನಿಗೇ ಹಳೆಯ ಸೂಜಿಗಳು ಹಳದಿಗೆ ತಿರುಗಿ, ಏಪ್ರಿಲಿನಿಂದ ಜೂನ್‌ವರೆಗಿನ ಒಣ ತಿಂಗಳುಗಳಲ್ಲಿ ವರ್ಷದ ಬಹುಭಾಗದ ಉದುರುವಿಕೆ ನಡೆದುಹೋಗುತ್ತದೆ. ತೀರ ಒಣನೆಲದ ಮರಗಳು ಆ ದಿನಗಳಲ್ಲಿ ಅರೆಬೋಳಾಗಿ ಕಾಣುವುದೂ ಉಂಟು.

ಇಲ್ಲಿ ಒಂದು ಸೂಕ್ಷ್ಮವಿದೆ. ಎಲೆ ಉದುರುವುದಕ್ಕೆ ಮೊದಲು ಮರ ಅದರೊಳಗಿನ ಸಾರವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎಲೆಯಲ್ಲಿದ್ದ ಸಾರಜನಕ ಮತ್ತು ರಂಜಕಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೀಗೆ ರೆಂಬೆಗೆ ಮರಳಿ ಹೊಸ ಎಲೆಯ ಬೆಳವಣಿಗೆಗೆ ಒದಗುತ್ತದೆ. ಹಣ್ಣೆಲೆಯ ಹಳದಿ ಬಣ್ಣವೆಂದರೆ ತಿಜೋರಿ ಬರಿದಾದುದರ ಗುರುತು. ಚಿಗುರೆಲೆ ನಗುವುದಾದರೆ ಆ ನಗುವಿಗೆ ಬೇಕಾದ ಬಂಡವಾಳವನ್ನು ಹಣ್ಣೆಲೆಯೇ ಕೊಟ್ಟು ಹೋಗಿರುತ್ತದೆ! ಗಾದೆ ಮಾಡಿದ ನಮ್ಮ ಹಿರಿಯರು ನಗುವನ್ನು ಕಂಡರು; ಈ ಲೇವಾದೇವಿ ಕಣ್ಣಿಗೆ ಕಾಣುವಂಥದಲ್ಲ.

ಉದುರಿದ್ದನ್ನು ಅಳೆಯುವವರೂ ಇದ್ದಾರೆ. ಕಾಡಿನಲ್ಲಿ ಅಲ್ಲಲ್ಲಿ ಬಲೆ ಕಟ್ಟಿದ ಚೌಕಗಳನ್ನಿಟ್ಟು, ಅವುಗಳಲ್ಲಿ ಬಿದ್ದ ಎಲೆ, ಕಡ್ಡಿ, ತೊಗಟೆ, ಕಾಯಿಗಳನ್ನು ತಿಂಗಳು ತಿಂಗಳೂ ಬಿಡಿಸಿ, ಒಣಗಿಸಿ, ತೂಗಿ ಬರೆದಿಡುತ್ತಾರೆ. ಬ್ರೇ ಮತ್ತು ಗೋರಮ್ ಎಂಬಿಬ್ಬರು ವಿಜ್ಞಾನಿಗಳು ಜಗತ್ತಿನ ಕಾಡುಗಳ ಇಂತಹ ಲೆಕ್ಕಗಳನ್ನು 1964ರಲ್ಲಿ ಒಟ್ಟುಗೂಡಿಸಿದರು. ಅವರ ಪ್ರಕಾರ ಸಮಭಾಜಕ ವೃತ್ತದ ಕಾಡಿನಲ್ಲಿ ವರ್ಷಕ್ಕೆ ಹೆಕ್ಟೇರಿಗೆ, ಎಂದರೆ ಎರಡೂವರೆ ಎಕರೆಗೆ, ಸರಾಸರಿ 11 ಟನ್ ಉದುರುತ್ತದೆ. ಬೆಚ್ಚಗಿನ ಸಮಶೀತೋಷ್ಣದ ಕಾಡಿನಲ್ಲಿ 5.5 ಟನ್, ತಂಪಾದ ಸಮಶೀತೋಷ್ಣದಲ್ಲಿ 3.5 ಟನ್, ಎತ್ತರದ ಶೀತಪ್ರದೇಶಗಳಲ್ಲಿ 1 ಟನ್ ಮಾತ್ರ. ಈ ತೂಕದಲ್ಲಿ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಎಲೆಯದೇ. ಹಿಮಾಲಯದ ಒಂದೇ ಬೆಟ್ಟವನ್ನು ಬುಡದಿಂದ ನೆತ್ತಿಯವರೆಗೆ ಹತ್ತಿದವನು ಈ ಪಟ್ಟಿಯ ಬಹುಭಾಗವನ್ನು ಕಾಲಿನಲ್ಲೇ ಓದಿದಂತಾಗುತ್ತದೆ.

ಕಾಲವೂ ಎಲ್ಲೆಡೆ ಒಂದೇ ಅಲ್ಲ. ಉತ್ತರ ಯೂರೋಪಿನ ಸ್ಕಾಟ್ಸ್ ಪೈನ್ ತನ್ನ ಹಳೆಯ ಸೂಜಿಗಳನ್ನು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಉದುರಿಸುತ್ತದೆ. ಅದರ ಮುಂದೆ ಇರುವುದು ಹಿಮ. ನಮ್ಮ ಚೀಡ್ ಉದುರಿಸುವುದು ಬೇಸಗೆಯಲ್ಲಿ. ಅದರ ಮುಂದೆ ಇರುವುದು ಮಳೆ. ಆದರೆ ಎಲೆ ಬಿದ್ದ ದಿನಕ್ಕೂ ಮಳೆ ಬಂದ ದಿನಕ್ಕೂ ನಡುವೆ ಆರೆಂಟು ವಾರಗಳ ಒಂದು ಅಂತರವಿದೆ. ಹಿಮಾಲಯದ ದುಃಖವೆಲ್ಲ ಆ ಅಂತರದಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಅದನ್ನು ಹೇಳುವ ಮೊದಲು ಎತ್ತರದ ಕಾಡುಗಳನ್ನಿಷ್ಟು ನೋಡೋಣ. ಮೇ ತಿಂಗಳಲ್ಲಿ ಮಗಳು ನಮ್ಮನ್ನು ಜಾಗೇಶ್ವರಕ್ಕೆ ಕರೆದೊಯ್ದಳು. ನೂರಕ್ಕೂ ಮಿಕ್ಕ ಚಿಕ್ಕದೊಡ್ಡ ಶಿಲಾದೇಗುಲಗಳನ್ನು ಸುತ್ತುವರಿದು ನಿಂತ ದೇವದಾರುಗಳ ವನ ಅದು. ರಘುವಂಶದಲ್ಲಿ ಶಿವನು ಮಗನಂತೆ ಸಾಕಿದ ಮರವೆಂದು ಕಾಳಿದಾಸ ವರ್ಣಿಸಿದ್ದು ಇದೇ ದೇವದಾರುವನ್ನು. ಅದರ ಸೂಜಿ ಗಿಡ್ಡ. ಒಂದು ಅಂಗುಲದಿಂದ ಎರಡಂಗುಲ. ಮೊಟಕು ರೆಂಬೆಗಳ ಮೇಲೆ ಗುಚ್ಛಗುಚ್ಛವಾಗಿ ಕುಳಿತಿರುತ್ತದೆ. ಚೀಡ್ ಸೂಜಿಗಿಂತ ಹೆಚ್ಚು ಕಾಲ ಬಾಳುವುದರಿಂದ ಒಂದೊಂದು ವರ್ಷ ಉದುರುವುದು ಮರದ ಸ್ವಲ್ಪ ಭಾಗ ಮಾತ್ರ. ಮುಂದೆ ಕೇದಾರ ಬದರಿಗಳ ದಾರಿಯಲ್ಲಿ ಚೋಪ್ತಾ ಎಂಬಲ್ಲಿ, 2,600 ಮೀಟರಿಗೂ ಮೇಲೆ, ಫರ್ ಮರಗಳ ಕಾಡನ್ನು ಕಂಡೆವು. ಚೀಡ್ ಕಾಡಿನ ನೆಲ ಜಾರಿಸಿದರೆ ಈ ಕಾಡಿನ ನೆಲ ಹತ್ತಿಯ ಹಾಸಿಗೆಯಂತೆ ಕುಸಿದು ಮತ್ತೆ ಮೇಲೇಳುತ್ತದೆ. ಬಾಗಿ ಬೆರಳು ತೂರಿಸಿದೆ. ಮೇಲಿನ ಪದರದಲ್ಲಿ ಈಚೆಗೆ ಬಿದ್ದ ಇಡಿಯ ಸೂಜಿಗಳು. ಅದರ ಕೆಳಗೆ ಮುರಿದು ಕಪ್ಪಿಟ್ಟ ಚೂರುಗಳು, ಅವುಗಳನ್ನು ನೂಲಿನಂತೆ ಹೊಲಿದಿರುವ ಬಿಳಿಯ ಬೂಷ್ಟು. ಅದಕ್ಕೂ ಕೆಳಗೆ ಎಲೆಯ ಗುರುತೇ ಉಳಿಯದ, ಕೈಗೆ ತಣ್ಣಗೆ ಹತ್ತುವ ಕರಿಯ ಹಿಟ್ಟು. ಹಳೆಯ ಓಲೆಗರಿಯ ಕಟ್ಟನ್ನು ಬಿಚ್ಚಿದಂತೆ ಹಲವು ವರ್ಷಗಳು ಒಂದರ ಕೆಳಗೊಂದು ಅಲ್ಲಿ ಕುಳಿತಿದ್ದವು.

ಆ ಎತ್ತರದಲ್ಲಿ ಎಲೆ ಕೊಳೆಯುವುದು ನಿಧಾನ. ಕಾರಣ ಎರಡು. ಒಂದು ಚಳಿ, ಕೊಳೆಸುವ ಸೂಕ್ಷ್ಮಜೀವಿಗಳು ಚಳಿಯಲ್ಲಿ ಮಂದವಾಗುತ್ತವೆ. ಇನ್ನೊಂದು ಸೂಜಿಯ ಸ್ವಭಾವ. ಮೇಣ, ರಾಳ, ಲಿಗ್ನಿನ್ ಎಂಬ ಗಡಸು ವಸ್ತು ಇವೆಲ್ಲ ಹೆಚ್ಚು. ಸಾರಜನಕ ಕಡಿಮೆ, ಅದರಲ್ಲೂ ಅರ್ಧವನ್ನು ಮರ ಹಿಂದಕ್ಕೆ ಪಡೆದಿದೆ. ಅಂತಹ ಬಡ ಊಟವನ್ನು ಶಿಲೀಂಧ್ರಗಳೇ ತಿನ್ನಬೇಕು. ಎರೆಹುಳುಗಳು ಹತ್ತಿರ ಸುಳಿಯುವುದು ಅಪರೂಪ. ಹೀಗೆ ಮಣ್ಣಿನೊಡನೆ ಬೆರೆಯದೆ ಮೇಲೆಯೇ ಪದರಗಟ್ಟುವ ಕೊಳೆಗೂ, ಮಣ್ಣಿನೊಡನೆ ಒಂದಾಗುವ ಕೊಳೆಗೂ ಇರುವ ವ್ಯತ್ಯಾಸವನ್ನು ಮೊದಲು ವಿವರವಾಗಿ ತೋರಿಸಿಕೊಟ್ಟವನು ಹತ್ತೊಂಬತ್ತನೆಯ ಶತಮಾನದ ಡೆನ್ಮಾರ್ಕಿನ ಅರಣ್ಯತಜ್ಞ ಮ್ಯೂಲರ್. ನಿಧಾನವೆಂದರೆ ನಷ್ಟವೆಂದಲ್ಲ. ಆ ಹಾಸು ಮಳೆಯ ನೀರನ್ನು ಹೀರಿಟ್ಟುಕೊಳ್ಳುತ್ತದೆ. ಇಳಿಜಾರಿನ ಮಣ್ಣನ್ನು ಹನಿಯ ಹೊಡೆತದಿಂದ ಕಾಯುತ್ತದೆ. ಬೇರುಗಳೊಡನೆ ಬಾಳುವ ಶಿಲೀಂಧ್ರಗಳ ಮೂಲಕ ಮರಕ್ಕೆ ತುಸುತುಸುವಾಗಿ ಅನ್ನವನ್ನು ಕೊಡುತ್ತದೆ. ಹಣ್ಣೆಲೆ ಮೊದಲ ಅರ್ಧವನ್ನು ಉದುರುವ ಮುನ್ನ ಕೊಟ್ಟಿತು. ಉಳಿದ ಅರ್ಧವನ್ನು ಉದುರಿದ ಮೇಲೆ ಕಂತುಕಂತಾಗಿ ಕೊಡುತ್ತದೆ.

ಈ ಎರಡನೆಯ ಕಂತನ್ನು ಚೀಡ್ ಕಾಡಿನಲ್ಲಿ ಕಸಿದುಕೊಳ್ಳುವುದು ಬೆಂಕಿ. ನಾವು ಹೋದ ಕೆಲವೇ ದಿನಗಳಲ್ಲಿ ಒಂದು ರಾತ್ರಿ ಎದುರುಬೆಟ್ಟದ ಮೇಲೆ ಸಾಲುದೀಪಗಳು ಕಂಡವು. ಅಂಕುಡೊಂಕಾಗಿ ಇಳಿದು ಬರುತ್ತಿದ್ದ ಆ ಸಾಲನ್ನು ನೋಡಿ, ಯಾವುದೋ ದೇವರ ಉತ್ಸವವಿರಬೇಕು, ಪಂಜು ಹಿಡಿದು ಬರುತ್ತಿದ್ದಾರೆ ಎಂದು ನನ್ನ ಹೆಂಡತಿಗೆ ತೋರಿಸಿದೆ. ಮಗಳು ಒಳಗಿನಿಂದ ಬಂದು ನೋಡಿ, "ಉತ್ಸವ ಅಲ್ಲ ಅಪ್ಪಾ, ಕಾಡು ಹತ್ತಿಕೊಂಡಿದೆ" ಎಂದಳು. ನನ್ನ ಬಾಯಿ ಕಟ್ಟಿಹೋಯಿತು. ಬೆಳಗಾದಾಗ ಸೂರ್ಯ ಹೊಗೆಯಲ್ಲಿ ತಾಮ್ರದ ತಟ್ಟೆಯಂತೆ ಕಂಡ. 2016ರ ಆ ಏಪ್ರಿಲ್, ಮೇ ತಿಂಗಳುಗಳಲ್ಲಿ ಉತ್ತರಾಖಂಡದಲ್ಲಿ ಸಾವಿರಾರು ಹೆಕ್ಟೇರ್ ಕಾಡು ಬೆಂಕಿಗೆ ಸಿಕ್ಕಿತು. ವಾಯುಸೇನೆಯ ಹೆಲಿಕಾಪ್ಟರುಗಳು ಭೀಮತಾಲ ಸರೋವರದ ನೀರನ್ನು ತಂದು ಸುರಿದವು.

ಆ ರಾತ್ರಿ ನಿದ್ರೆ ಬರಲಿಲ್ಲ. ಮೇಘದೂತದ ಒಂದು ಪದ್ಯ ನೆನಪಾಗಿತ್ತು. ಗಾಳಿಯೆದ್ದು ಸರಲವೃಕ್ಷಗಳ ಉಜ್ಜುವಿಕೆಯಿಂದ ಹುಟ್ಟಿದ ಕಾಳ್ಗಿಚ್ಚು ಹಿಮಾಲಯವನ್ನು ಪೀಡಿಸುತ್ತಿದ್ದರೆ ನಿನ್ನ ಧಾರೆಗಳಿಂದ ಅದನ್ನು ಆರಿಸೆಂದು ಯಕ್ಷನು ಮೇಘಕ್ಕೆ ಹೇಳುವ ಪದ್ಯ. ಎಷ್ಟೋ ವರ್ಷ ಅದನ್ನು ತರಗತಿಯಲ್ಲಿ ವಿವರಿಸಿದ್ದೆ. ಸರಲವೆಂದರೂ ದೇವದಾರುವೆಂದರೂ ಒಂದೇ ಎಂದಿದ್ದೆ. ಹಿಮದ ಬೆಟ್ಟದಲ್ಲಿ ಕಾಳ್ಗಿಚ್ಚೆಂಬುದು ಕವಿಕಲ್ಪನೆ, ದೊಡ್ಡವರ ಸಂಪತ್ತು ಆರ್ತರಿಗಾಗಿ ಎಂಬ ನೀತಿಗೆ ಹೂಡಿದ ಪೀಠಿಕೆ ಎಂದೂ ಹೇಳಿದ್ದೆ. ಒಬ್ಬ ವಿದ್ಯಾರ್ಥಿಯೂ ಪ್ರಶ್ನಿಸಲಿಲ್ಲ. ಪ್ರಶ್ನಿಸುವಂತೆ ನಾನು ಕಲಿಸಿರಲಿಲ್ಲ. ಈಗ ನೋಡಿದರೆ ಕವಿಯ ಲೆಕ್ಕ ಎಷ್ಟು ಕರಾರುವಾಕ್ಕಾಗಿದೆ! ಬೆಂಕಿ ಬೀಳುವುದು ಸರಲದ ಕಾಡಿಗೇ. ಬೀಳುವುದು ಸೂಜಿಯುದುರಿದ ಬೇಸಗೆಯಲ್ಲೇ. ಆರಿಸಬಲ್ಲದ್ದು ಆಷಾಢದಲ್ಲಿ ಹೊರಟ ಆ ಮೇಘವೊಂದೇ. ಇಂದು ಅಲ್ಲಿ ಬೀಳುವ ಬೆಂಕಿ ಹೆಚ್ಚಾಗಿ ಮನುಷ್ಯರ ಕೈಯಿಂದ ಬಂದದ್ದೆನ್ನುವುದು ಬೇರೆ ಮಾತು. ಕಿಡಿ ಯಾರದಾದರೂ ಆಗಲಿ, ಸೌದೆಯನ್ನು ಹರಡಿಟ್ಟಿರುವುದು ಮರ.

ಇದರಲ್ಲಿ ಮರದ ಸ್ವಾರ್ಥವೂ ಇಲ್ಲದಿಲ್ಲ. ಚೀಡ್ ಮರದ ತೊಗಟೆ ದಪ್ಪ. ನೆಲದ ಮೇಲೆ ಹರಿದುಹೋಗುವ ಬೆಂಕಿಯನ್ನು ದೊಡ್ಡ ಮರ ಸಹಿಸಿಕೊಳ್ಳುತ್ತದೆ. ಸುಟ್ಟು ಬರಿದಾದ ಮಣ್ಣಿನಲ್ಲಿ ಅದರ ಬೀಜ ಚೆನ್ನಾಗಿ ಮೊಳೆಯುತ್ತದೆ. ಪಕ್ಕದಲ್ಲಿ ಬೆಳೆಯುವ ಬಾಂಜ್ ಎಂಬ ಓಕ್ ಮರದ ಸಸಿಗಳು ಮಾತ್ರ ಸಾಯುತ್ತವೆ. ಮೇವನ್ನೂ ಒಳ್ಳೆಯ ಗೊಬ್ಬರವನ್ನೂ ಕೊಟ್ಟು, ನೆಲವನ್ನು ತೇವವಾಗಿಡುವ ಮರವೆಂದು ಹಳ್ಳಿಯವರಿಗೆ ಬಾಂಜ್ ಪ್ರಿಯ. ನೈನಿತಾಲದ ಕುಮಾವೂಂ ವಿಶ್ವವಿದ್ಯಾನಿಲಯದ ಜೆ. ಎಸ್. ಸಿಂಗ್ ಮತ್ತು ಎಸ್. ಪಿ. ಸಿಂಗ್ 1980ರ ದಶಕದಲ್ಲಿ ನಡೆಸಿದ ಅಧ್ಯಯನಗಳು ಇನ್ನೊಂದು ಸಂಗತಿಯನ್ನು ತೋರಿಸಿದವು. ಸಾರಜನಕ ಕಡಿಮೆಯಿರುವ ಪಿರೂಲ್ ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಬಡತನಕ್ಕೆ ಒಗ್ಗಿದ ಪೈನ್ ಅದನ್ನು ತಾಳಿಕೊಳ್ಳುತ್ತದೆ, ಓಕ್ ತಾಳಲಾರದು. ಬೆಂಕಿ ಬಿದ್ದರಂತೂ ಎಲೆಯ ಸಾರಜನಕ ಹೊಗೆಯಾಗಿ ಹೋಗುತ್ತದೆ. ಬೂದಿಯಲ್ಲಿ ಉಳಿದ ಖನಿಜಗಳನ್ನು ಮೊದಲ ಜಡಿಮಳೆ ಇಳಿಜಾರಿನಿಂದ ತೊಳೆದೊಯ್ಯುತ್ತದೆ.

ಹಾಗಾದರೆ ಬಿದ್ದ ಎಲೆ ಯಾರದು? ಇದು ಬರಿಯ ತತ್ತ್ವದ ಪ್ರಶ್ನೆಯಲ್ಲ. ಕುಮಾವೂಂನಲ್ಲಿ ಇದಕ್ಕಾಗಿ ಹೋರಾಟವೇ ನಡೆದಿದೆ. ಜಾರುವ ಪಿರೂಲನ್ನು ಬೇಸಗೆಯಲ್ಲಿ ಸುಟ್ಟು ದನಗಳಿಗೆ ಹೊಸ ಹುಲ್ಲು ಬರಿಸಿಕೊಳ್ಳುವುದು ಅಲ್ಲಿನ ರೈತರ ಹಳೆಯ ವಾಡಿಕೆ. ಬ್ರಿಟಿಷ್ ಸರ್ಕಾರ ರೈಲ್ವೆಯ ಮರಕ್ಕಾಗಿ, ಚೀಡ್ ಮರದ ರಾಳಕ್ಕಾಗಿ ಆ ಕಾಡುಗಳನ್ನು 1911ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಕಾದಿರಿಸಿ ಸುಡುವುದನ್ನು ನಿಷೇಧಿಸಿತು. 1921ರ ಜನವರಿಯಲ್ಲಿ ಬಾಗೇಶ್ವರದ ಉತ್ತರಾಯಣಿ ಜಾತ್ರೆಯಲ್ಲಿ ಬಿಟ್ಟಿ ಚಾಕರಿಯನ್ನು ಧಿಕ್ಕರಿಸಿದ ಜನ ಅದೇ ಬೇಸಗೆಯಲ್ಲಿ ಚೀಡ್ ಕಾಡುಗಳಿಗೆ ಬೆಂಕಿಯಿಟ್ಟರು. ತಮಗೆ ಮೇವು ಕೊಡುವ ಅಗಲವಾದ ಎಲೆಯ ಕಾಡುಗಳನ್ನು ಅವರು ಸುಡಲಿಲ್ಲವೆಂದು ಇತಿಹಾಸಕಾರ ರಾಮಚಂದ್ರ ಗುಹಾ ಗುರುತಿಸಿದ್ದಾರೆ. ಆ ಸಿಟ್ಟಿನಲ್ಲೂ ಒಂದು ವಿವೇಕವಿತ್ತು. ಬೆಂಕಿಯ ಬೆಲೆಯೂ ಸಣ್ಣದಲ್ಲ. 2024ರ ಜೂನಿನಲ್ಲಿ ಅಲ್ಮೋಡಾ ಜಿಲ್ಲೆಯ ಬಿನ್ಸರ್ ಅಭಯಾರಣ್ಯದಲ್ಲಿ ಬೆಂಕಿಯಾರಿಸಲು ಹೋದ ಅರಣ್ಯ ಸಿಬ್ಬಂದಿಯೇ ಅದಕ್ಕೆ ಬಲಿಯಾದರು.

ಗುಡಿಸಿ ಒಯ್ಯುವುದೇ ದಾರಿಯೆಂದು ತೋರುತ್ತದೆ. ಪಿರೂಲಿನಿಂದ ಉರುವಲಿನ ಇಟ್ಟಿಗೆ ಮಾಡುವ, ಅದರ ಅನಿಲದಿಂದ ವಿದ್ಯುತ್ ಉತ್ಪಾದಿಸುವ ಪ್ರಯತ್ನಗಳು ಅಲ್ಲಿ ನಡೆದಿವೆ. ಆದರೆ ಇದಕ್ಕೂ ಒಂದು ಮಿತಿ ಬೇಕೆಂದು ಇನ್ನೊಂದು ದೇಶದ ಅನುಭವ ಹೇಳುತ್ತದೆ. ಜರ್ಮನಿಯ ಬವೇರಿಯದಲ್ಲಿ ರೈತರು ಕೊಟ್ಟಿಗೆಗಾಗಿ ಕಾಡಿನ ಎಲೆಯನ್ನು ತಲೆಮಾರುಗಳ ಕಾಲ ಬಾಚಿ ಒಯ್ದರು. ಎಬರ್ಮೇಯರ್ ಎಂಬ ವಿದ್ವಾಂಸ 1876ರಲ್ಲಿ ಉದುರೆಲೆಯ ಮೇಲೆಯೇ ಒಂದು ದೊಡ್ಡ ಗ್ರಂಥ ಬರೆದು, ಎಲೆ ಕಳೆದುಕೊಂಡ ಕಾಡು ಹೇಗೆ ಬಡವಾಗುತ್ತದೆಂಬುದನ್ನು ಅಳತೆಗಳಿಂದ ತೋರಿಸಿದ.

ಇದನ್ನು ಓದಿದಾಗ ನನಗೆ ಶಿರಸಿಯ ಕಡೆಯ ನಮ್ಮ ಸೊಪ್ಪಿನ ಬೆಟ್ಟ ನೆನಪಾಯಿತು. ಅಡಕೆ ತೋಟವಿದ್ದವರಿಗೆ ಸೊಪ್ಪು, ದರಕು ತರಲು ಬಿಟ್ಟಿರುವ ಬೆಟ್ಟಗಳು ಅವು. ದರಕೆಂದರೆ ಒಣಗಿ ಉದುರಿದ ಎಲೆ. ಬೇಸಗೆಯ ಬೆಳಗಿನಲ್ಲಿ ನನ್ನ ತಾಯಿ ಹೆಡಿಗೆ ಹೊತ್ತು ಬೆಟ್ಟಕ್ಕೆ ಹೋಗುತ್ತಿದ್ದಳು. ಒಂದು ಮರದ ಬುಡವನ್ನು ಪೂರ್ತಿ ಬಳಿದು ಗುಡಿಸಿದ್ದನ್ನು ನಾನು ಕಂಡಿಲ್ಲ. "ಮರಕ್ಕೂ ಒಂದು ತುತ್ತು ಬಿಡಬೇಕು ಮಗಾ" ಎನ್ನುತ್ತಿದ್ದಳು. ಎಬರ್ಮೇಯರನ ಹೆಸರನ್ನು ಅವಳು ಕೇಳಿದವಳಲ್ಲ. ಪಿರೂಲ್ ಹೊತ್ತ ಆ ಕುಮಾವೂಂ ಹೆಂಗಸೂ ಕೇಳಿರಲಾರಳು. ಬೆಂಕಿಗೆ ಸಿಗದಷ್ಟನ್ನು ಒಯ್ಯಬೇಕು, ಮಣ್ಣಿಗೆ ಸಾಲುವಷ್ಟನ್ನು ಬಿಡಬೇಕು. ಕಾಡಿನ ಶಾಸ್ತ್ರ ಎಷ್ಟೇ ಬೆಳೆದರೂ ಕೊನೆಗೆ ಈ ಎರಡು ಅಳತೆಗಳ ನಡುವೆಯೇ ನಿಲ್ಲಬೇಕಾಗುತ್ತದೆ.

ಊರಿಗೆ ಮರಳಿದ ಮೇಲೆ ನನ್ನ ಕಿರಿಯ ಮಿತ್ರರು ಒಂದು ಸಂಜೆ ಮನೆಗೆ ಬಂದಿದ್ದರು. ಮೇಘದೂತದ ಆ ಪದ್ಯದ ವಿಷಯದಲ್ಲಿ ನಾನು ತಪ್ಪು ಹೇಳಿದ್ದೆನೆಂದೂ ಅದನ್ನು ಮುಂದಿನ ತರಗತಿಗಳಲ್ಲಿ ತಾವು ತಿದ್ದಬೇಕೆಂದೂ ಅವರಿಗೆ ಹೇಳಿದೆ. ಮೂರು ಸೂಜಿಯ ಒಂದು ಒಣ ಕಟ್ಟನ್ನೂ ಕೊಟ್ಟೆ. ವಿದ್ಯಾರ್ಥಿಗಳಿಗೆ ತೋರಿಸಲಿ ಎಂದು. ಜೂನ್ ಕೊನೆಯಲ್ಲಿ ಮಗಳು ಫೋನು ಮಾಡಿ, ಮಳೆ ಹಿಡಿಯಿತು, ಎದುರುಬೆಟ್ಟದ ಹೊಗೆ ಅಡಗಿತು, ಕಾಡಿನ ತುಂಬ ನೆನೆದ ಪಿರೂಲಿನ ವಾಸನೆ ಎಂದಳು. ಆ ವರ್ಷ ಬೆಂಕಿಗೆ ಸಿಗದೆ ಉಳಿದ ಹಣ್ಣೆಲೆಗಳು ತಮ್ಮ ಎರಡನೆಯ ಕಂತನ್ನು ಕೊಡಲು ತೊಡಗಿದ್ದವು.